ಎದಿ ಡಾಕ್ಟರ್ ಕಟ್ಟಿ ಮ್ಯಾಲೆ

ಸವಣೂರು, ೧೯೬೪

ಅಪ್ಪಾ,

ಇದು ನಿನ್ನ ಕೈ ಸೇರೂದಿಲ್ಲ, ಆದರೂ ಬೈಯದ ಇರಾಕ ಆಗವಲ್ದು. ಇವತ್ತು ನಿನ್ನ ವೀಳ್ಯದೆಲಿ ಬುಟ್ಟಿ ಹೊತ್ತು ನಾನ ಬಂಕಾಪುರಕ್ಕ ಹೋಗಿದ್ದೆ. ಮುಂಬೈ ಬಿಟ್ಟು ಊರಿಗೆ ಬಂದ ಸಾಹೇಬ್ರಿಗೆ ನೀ ಎದಿ ನೋವಿಲೆ ಸತ್ತ ಸುದ್ದಿ ಹೇಳಿದೆ. "ನಾ ಎದಿ ಡಾಕ್ಟರ್ ಅಂತ ನಿಮ್ಮಪ್ಪಗ ಹೇಳಿದ್ದೆನಲ್ಲ, ತಂಗಿ" ಅಂದ್ರು.

ವಾರಾ ವಾರಾ ಅವರ ಕಟ್ಟಿ ಮ್ಯಾಲೆ ಕುಂತು ಎಲಿ ಆರಿಸಿ ಕೊಟ್ಟಿ, ಎದಿ ನೋವು ಮಾತ್ರ ಹೇಳಲಿಲ್ಲ. ಗಿರಾಕಿ ಮನ್ಯಾಗ ನಮ್ಮ ಸಂಕಟ ಹೇಳಬಾರದು ಅನ್ನೂದು ನಿನ್ನ ರಿವಾಜು. ಬೆಂಕಿ ಬೀಳಲಿ ಅದಕ್ಕ. ಹುಬ್ಬಳ್ಳಿ ದವಾಖಾನಿಗೆ ಒಯ್ಯೂಮುಂದ ತಡಸದ ಹತ್ರ ಬಸ್ಸಿನ್ಯಾಗ ಜೀವ ಬಿಟ್ಟಿ.

ನಾ ಹೊಂಡೂಮುಂದ ಸಾಹೇಬ್ರು, "ನಿಮ್ಮವ್ವ ಹೆಂಗದಾರ?" ಅಂದ್ರು.

ಅವ್ವ ಮೂರು ದಿನದಿಂದ ಎದಿ ಹಿಡಕೊಂಡು ಮಲಗ್ಯಾಳ.

"ಆರಾಮ ಅದಾಳ್ರಿ" ಅಂದೆ.

ಮಾದೇವಿ