ಮಿರಜಿನ ಆ ಮಂಗಳವಾರ

ಬನಹಟ್ಟಿ
ರವಿವಾರ, 21-2-2010

ಪ್ರೀತಿಯ ಅನಸಕ್ಕನಿಗೆ ನಿನ್ನ ತಂಗಿ ದಾನಮ್ಮನ ನಮಸ್ಕಾರಗಳು.

ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮುಟ್ಟಿ ತಿಂಗಳಾಯಿತು. ಮುಟ್ಟಿತೆಂದು ತಿಳಿಸಲಿಲ್ಲ, ಸಿಟ್ಟಾಗಬೇಡ. ಎರಡು ಸಲ ಫೋನ್ ಹಚ್ಚಿದೆ. ನೀನು "ಹಲೋ, ಯಾರ?" ಅಂದ ಕೂಡಲೇ ರೊಟ್ಟಿಯ ಮಾತೂ ಬರಲಿಲ್ಲ, ಹೇಳಬೇಕಾದ ಮಾತೂ ಬರಲಿಲ್ಲ. ಹಾಗೇ ಇಟ್ಟುಬಿಟ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮೊಮ್ಮಕ್ಕಳ ಕೈಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ಇಲ್ಲಿ ಎಲ್ಲರೂ ಆರಾಮ. ತಮ್ಮ ಸುಭಾಷನ ಮನೆಯ ನಾಲ್ಕು ಮಗ್ಗಗಳೂ ನಡೆಯುತ್ತಿವೆ, ಕರೆಂಟ್ ಇದ್ದಾಗ. ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋದರೆ ಐದಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ನಾನು ಸಾಲಿಗೆ ಹೋಗುತ್ತಿದ್ದೇನೆ! ನಗಬೇಡ. ನಮ್ಮ ಓಣಿಗೆ ರಂಜನಾ ಅಂತ ಒಬ್ಬ ಹೊಸ ಸೊಸೆ ಬಂದಿದ್ದಾಳೆ, ಬಿ.ಎಡ್. ಓದಿದವಳು. ಕರೆಂಟ್ ಇಲ್ಲದಾಗ ಸುಮ್ಮನೆ ಕೂರುವ ಹೆಂಗಸರನ್ನೆಲ್ಲ ತನ್ನ ಪಡಸಾಲೆಯಲ್ಲಿ ಕೂಡಿಸಿಕೊಂಡು ಇಂಗ್ಲಿಷ್ ಹೇಳಿಕೊಡುತ್ತಾಳೆ. ಮೊದಲು ಗಡಿಯಾರ ನೋಡುವುದು, ಆಮೇಲೆ ವಾರ, ತಿಂಗಳು, ತಾರೀಖು.

ಸವ್ವಾ ಹತ್ತು ಅಂದರೆ 'ಕ್ವಾರ್ಟರ್ ಪಾಸ್ಟ್ ಟೆನ್', ಪಾವಣೆ ಹತ್ತು ಅಂದರೆ 'ಕ್ವಾರ್ಟರ್ ಟು ಟೆನ್'. ನಿನ್ನೆ 'ಯಸ್ಟರ್‌ಡೇ', ನಾಳೆ 'ಟುಮಾರೊ'. ನಾಡಿದ್ದಿಗೆ ಮಾತ್ರ ಅವರಲ್ಲಿ ಒಂದೇ ಪದವಿಲ್ಲವಂತೆ, 'ಡೇ ಆಫ್ಟರ್ ಟುಮಾರೊ' ಅನ್ನಬೇಕಂತೆ. ಪಕ್ಕದ ಮನೆ ಯಲ್ಲಕ್ಕ ಸುಮ್ಮನಿರುವವಳೇ? "ಬಾಯಾರ, ಅಷ್ಟುದ್ದ ಅನ್ನೂದ್ರಾಗ ನಾಡಿದ್ದನ ಬಂದ ಬಿಡತೈತೆಲ್ಲರೀ!" ಅಂದಳು. ರಂಜನಾ ನಕ್ಕು ನಕ್ಕು ಹಲಗೆಗೆ ಬರೆಯುತ್ತಿದ್ದ ಖಡು ಕೈಯಿಂದ ಬಿಟ್ಟಳು.

ಅಲ್ಲಿ ಕೂತಾಗೆಲ್ಲ ನಮ್ಮ ಹಳೆಯ ಮನೆಯೇ ಕಣ್ಣಿಗೆ ಬರುತ್ತದೆ. ಅಪ್ಪ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿರುತ್ತಿದ್ದ. ಬೆಳಕಿಂಡಿಯ ಬಿಸಿಲು ಅವನ ಮೊಣಕಾಲಿಗೆ ಬಂದರೆ ಊಟದ ಹೊತ್ತು. ಗಡಿಯಾರವಿರಲಿಲ್ಲ, ಬೇಕೂ ಇರಲಿಲ್ಲ. ನಾನು ಸಾಲಿ ಕಲಿಯಬೇಕು, ನೂಲಿನ ಕಂಡಿಕೆ ಸುತ್ತಲು ಮನೆಯಲ್ಲಿ ಒಬ್ಬರು ಬೇಕು ಎಂದು ನಿನ್ನನ್ನು ನಾಲ್ಕನೇ ಇಯತ್ತೆಗೇ ಸಾಲಿ ಬಿಡಿಸಿದರು. ನೀನು ಅಳಲಿಲ್ಲ. ಸಾಲಿಯಿಂದ ನಾನು ಬಂದ ಕೂಡಲೇ ರಾಟಿ ತಿರುಗಿಸುತ್ತಲೇ ಕೇಳುತ್ತಿದ್ದೆ: "ದಾನಿ, ಇವತ್ತ ಏನ ಕಲತಿ? ನನಗೂ ಹೇಳಬೇ." 'ಸಂಡೇ, ಮಂಡೇ' ಎಂದು ರಾಟಿಯ ಸಪ್ಪಳದ ಜೊತೆ ಇಬ್ಬರೂ ಹಾಡಿದ ಹಾಗೆ ಅನ್ನುತ್ತಿದ್ದೆವು. ನಾನು ಏಳನೇ ಇಯತ್ತೆ ಪಾಸಾದದ್ದಕ್ಕೆ ಅಪ್ಪ ಓಣಿಯವರಿಗೆಲ್ಲ ಸಕ್ಕರೆ ಹಂಚಿದ. "ನಮ್ಮ ದಾನಮ್ಮಗ ಇಂಗ್ಲಿಷ್ ಬರತೈತಿ" ಎಂದು ಸಾಯುವತನಕ ಹೇಳಿಕೊಂಡ.

ಹೋದ ತಿಂಗಳು ರಂಜನಾ ವಾರಗಳನ್ನು ಹೇಳಿಸುತ್ತಿದ್ದಳು. ನನ್ನ ಪಾಳಿ ಬಂತು. 'ಟ್ಯೂಸ್‌ಡೇ ಅಂದ್ರ ಯಾವ ವಾರರೀ ಕಾಕು?' ಎಂದಳು. "ಗುರುವಾರ" ಎಂದೆ. "ಅಲ್ಲರೀ, ಮಂಗಳವಾರ. ಗುರುವಾರಕ್ಕ ಥರ್ಸ್‌ಡೇ. ಎರಡೂ ಒಂದ ನಮೂನಿ ಕೇಳತಾವು, ಭಾಳ ಮಂದಿ ತಪ್ಪತಾರ" ಎಂದು ಮುಂದಿನವರ ಕಡೆ ತಿರುಗಿದಳು. ನಾನು ನೀರು ಕುಡಿದು ಬರುತ್ತೇನೆಂದು ಎದ್ದವಳು ಮನೆಗೆ ಬಂದುಬಿಟ್ಟೆ.

ಅಕ್ಕಾ, 1999ರ ನವೆಂಬರ್ ನೆನಪಿದೆಯಲ್ಲ. ನಿಮ್ಮ ಊರು ನದಿಯ ಹಿನ್ನೀರಿಗೆ ಹೋಗುವುದಿತ್ತು. ನೀವು ಮನೆಯ ಬಾಗಿಲು, ತೊಲೆ ಬಿಚ್ಚಿ ಹೊಸ ಜಾಗಕ್ಕೆ ಸಾಗಿಸುತ್ತಿದ್ದಿರಿ. ಅಪ್ಪ ಮಿರಜಿನ ದವಾಖಾನೆಯಲ್ಲಿದ್ದ. ಜೊತೆಗೆ ನಾನು, ಸುಭಾಷ. "ಆಪರೇಶನ್ ಯಾವತ್ತಂತ ಒಂದ ದಿನಾ ಹೇಳ, ಏನರ ಬಿಟ್ಟ ಬರತೇನಿ" ಎಂದಿದ್ದೆ ನೀನು.

ಶುಕ್ರವಾರ ಡಾಕ್ಟರಮ್ಮ ಬಂದಳು. ಕೇರಳದವಳು, ಸಣ್ಣ ಹುಡುಗಿ, ನಮ್ಮ ಮಾತೂ ಬಾರದು, ಮರಾಠಿಯೂ ಬಾರದು. 'ಟ್ಯೂಸ್‌ಡೇ, ಹಾಫ್ ಪಾಸ್ಟ್ ನೈನ್' ಎಂದಳು. ಒಂಬತ್ತೂವರೆ ಎಂದು ತಿಳಿಯಿತು. ವಾರ ಗುರುವಾರ ಎಂದುಕೊಂಡೆ. ಇನ್ನೊಮ್ಮೆ ಕೇಳಬಹುದಿತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ, ಮಗಳು ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ ಎಂದು. "ಯಸ್, ಯಸ್" ಎಂದೆ. ಅಂದೇ ನಿಮ್ಮೂರಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ ನಿನ್ನನ್ನು ಕರೆಸಿ ಹೇಳಿದೆ: "ಗುರುವಾರ ಐತಿ. ಬುಧವಾರ ಸಂಜಿಮಟ ಬಂದ್ರ ಸಾಕು."

ಮಂಗಳವಾರವೇ ಒಳಗೆ ಕರೆದೊಯ್ದರು. ಸಂಜೆ ಅಪ್ಪ ಹೋದ. ಬುಧವಾರ ನೀನು ಬಂದದ್ದು ಬನಹಟ್ಟಿಗೆ, ಮಣ್ಣಿಗೆ. "ಗುರುವಾರ ಅಂದಿದ್ದಿಲ್ಲೇನ ದಾನಿ?" ಎಂದು ನನ್ನ ಹೆಗಲು ಹಿಡಿದು ಅಲುಗಾಡಿಸಿದೆ. "ದವಾಖಾನಿಯವರ ದಿನಾ ಹಿಂದಕ್ಕ ತಂದ್ರವ್ವಾ" ಎಂದೆ. ಅವತ್ತಿನಿಂದ ಆ ಡಾಕ್ಟರಮ್ಮನನ್ನು ನೀನು ಬೈಯದ ವರ್ಷವಿಲ್ಲ. "ಎರಡ ದಿನಾ ತಡದಿದ್ರ ಆಕಿ ಗಂಟ ಏನ ಹೋಗತಿತ್ತು?" ಎಂದು ಅಪ್ಪನ ಪುಣ್ಯತಿಥಿಗೆ ಬಂದಾಗಲೆಲ್ಲ ಅನ್ನುತ್ತೀ. ನಾನು ತಲೆ ತಗ್ಗಿಸಿ ನಿನ್ನ ತಾಟಿಗೆ ಇನ್ನಷ್ಟು ಹೋಳಿಗೆ ಬಡಿಸುತ್ತೇನೆ. ಅಕ್ಕಾ, ಆಕೆ ದಿನವನ್ನು ಬದಲಿಸಿರಲಿಲ್ಲ. ನಾನೇ ತಪ್ಪು ತಿಳಿದುಕೊಂಡಿದ್ದೆ. ಅವಳನ್ನು ಇನ್ನು ಬೈಯಬೇಡ.

ಪಾಠದ ನಡುವೆ ಎದ್ದು ಬಂದ ಮರುದಿನ ರಂಜನಾಳ ಮನೆಗೆ ಮತ್ತೆ ಹೋದೆ. ಏಳೂ ವಾರ ಈಗ ತಪ್ಪದೆ ಹೇಳುತ್ತೇನೆ, ಬರೆಯುತ್ತೇನೆ.

ಮಾವನವರಿಗೆ ಶರಣು, ನಿನ್ನ ಮೊಮ್ಮಕ್ಕಳಿಗೆ ಮುತ್ತು. ಬಿಸಿಲು ಜೋರಾಗುತ್ತಿದೆ, ಹೊಲಕ್ಕೆ ಹೊತ್ತೇರುವ ಮುಂಚೆ ಹೋಗಿ ಬಾ. ನೀನು ಹಿರಿಯಳು, ಎಷ್ಟು ಸಿಟ್ಟು ಬಂದರೂ ನನಗೆ ಒಳ್ಳೆಯದಾಗಲಿ ಎಂದು ಒಂದು ಮಾತು ಅನ್ನು.

ನಿನ್ನ
ದಾನಿ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ತಪ್ಪು ನನಗೆ ಯಾವಾಗ ಗೊತ್ತಾಯಿತು ಎಂಬುದನ್ನು ಮೇಲೆ ಬರೆದಿಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೇ ಗೊತ್ತಾಯಿತು ಅಕ್ಕಾ. ನಾಳೆ ಆಪರೇಶನ್, ರಾತ್ರಿಯಿಂದ ಏನೂ ತಿನ್ನಿಸಬೇಡಿ ಎಂದು ನರ್ಸ್ ಮರಾಠಿಯಲ್ಲಿ ಹೇಳಿದಳು. ಕೆಳಗಿನ ಫೋನ್ ಬೂತಿಗೆ ಓಡಿದೆ. ಅಲ್ಲಿ ಸುಭಾಷ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಚಿಂತಿ ಇಲ್ಲ, ನಮ್ಮಕ್ಕಗ ಇಂಗ್ಲಿಷ್ ಬರತೈತಿ, ಡಾಕ್ಟರ ಕೂಡ ಆಕೀನ ಮಾತಾಡತಾಳ." ಅವನ ಎದುರಿಗೆ ನಿನಗೆ ಫೋನ್ ಮಾಡಿ, ತಪ್ಪು ಹೇಳಿದ್ದೆ ಎನ್ನಲು ನಾಚಿಕೆಯಾಯಿತು. ಅವನು ಹೋದ ಮೇಲೂ ನಿಂತೇ ಇದ್ದೆ, ಆಮೇಲೆ ಮೇಲೆ ಬಂದೆ. ಮಧ್ಯಾಹ್ನದ ಬಸ್ಸು ಹತ್ತಿದ್ದರೂ ನೀನು ಅಪ್ಪನನ್ನು ಕಾಣುತ್ತಿದ್ದೆ.

ಮಂಗಳವಾರ ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಅಪ್ಪ ಬಾಗಿಲ ಕಡೆ ನೋಡಿದ. "ಅನಸವ್ವ ಬರಲಿಲ್ಲಲ್ಲಾ. ನಿನಗ ಇಂಗ್ಲಿಷ್ ಬರತೈತೆಲ್ಲವ್ವಾ, ಆಕಿ ಬರೂತನಾ ಸ್ವಲ್ಪ ತಡೀರಿ ಅಂತ ಡಾಕ್ಟರಗ ಹೇಳ" ಎಂದ. ಡಾಕ್ಟರಮ್ಮ ಅಲ್ಲೇ ನಿಂತಿದ್ದಳು. ನಾನು ಅವಳಿಗೆ ಏನೂ ಹೇಳಲಿಲ್ಲ. ಅಪ್ಪನ ಕಿವಿಗೆ ಬಾಗಿ "ಆಗಲೇ ಹೇಳೇನಿ ಅಪ್ಪಾ" ಎಂದೆ.