ಮಣಿಕಟ್ಟಿನ ತನಕ

ಅಕ್ಕಾ,

ಇವತ್ತು ಭಾವನ ಎರಡನೇ ಮದುವೆಗೆ ಹೋಗಿ ಬಂದೆ. ನೀನು ತೀರಿಕೊಂಡು ವರ್ಷವಾಯಿತು, ಕರೆದಾಗ ಹೋಗದಿದ್ದರೆ ಜನ ಏನಂದಾರು ಎಂದು ಅಮ್ಮನೇ ಹೊರಡಿಸಿದಳು. ಮದುವೆಗೆ ಹೋದವರೆಲ್ಲ ಊಟ ನೋಡಿದರೆ ಇವಳು ಹೊಲಿಗೆ ನೋಡುತ್ತಾಳೆ ಎಂದು ನನ್ನನ್ನು ಆಡಿಕೊಳ್ಳುತ್ತಿದ್ದೆಯಲ್ಲ, ಇವತ್ತೂ ಅದನ್ನೇ ನೋಡುತ್ತ ಕೂತಿದ್ದೆ. ಹುಡುಗಿಯ ಉಡುಪಿನ ತೋಳು ಮೊಣಕೈಗಿಂತ ಮೇಲಿತ್ತು. ಕೈ ನುಣ್ಣಗಿತ್ತು, ಎಲ್ಲೂ ನೀಲಿಗಟ್ಟಿರಲಿಲ್ಲ. ಉಸಿರು ಬಿಟ್ಟೆ.

ಉಡುಗೊರೆ ಕೊಡಲು ವೇದಿಕೆ ಹತ್ತಿದಾಗ ಅವಳೇ ನನ್ನ ಕೈ ಹಿಡಿದಳು.

"ನೀವು ಟೈಲರ್ ಅಲ್ವಾ? ನನಗೂ ನಾಲ್ಕು ಬಟ್ಟೆ ಹೊಲ್ಕೊಡಿ. ತೋಳು ಮಾತ್ರ ಮಣಿಕಟ್ಟಿನ ತನಕ ಬರ್ಲಿ. ಇವರಿಗೆ ಹಾಗಿದ್ರೇ ಇಷ್ಟವಂತೆ."

ಸುಡುಬೇಸಿಗೆಯಲ್ಲೂ ನೀನು ಅಂಥದ್ದನ್ನೇ ಕೇಳುತ್ತಿದ್ದೆ. ನಿನಗೆ ಚೆನ್ನಾಗಿ ಒಪ್ಪುತ್ತದೆ ಎನ್ನುತ್ತ, ಯಾಕೆಂದು ಕೇಳದೆ, ನಾನು ಹೊಲಿದುಕೊಡುತ್ತಿದ್ದೆ.

"ಅಳತೆ ಕೊಡೋಕೆ ನಾಳೆ ಒಬ್ಳೇ ಬಾಮ್ಮ" ಎಂದೆ.

ಭಾವ ಕ್ಯಾಮೆರಾ ನೋಡುತ್ತ ನಗುತ್ತಲೇ ಇದ್ದ. "ಒಬ್ಳೇ ಯಾಕೆ? ನಾನೇ ಕರ್ಕೊಂಡು ಬರ್ತೀನಿ."

ಫೋಟೋ ಮುಗಿಯುವವರೆಗೂ ಅವನ ಪಕ್ಕದಲ್ಲೇ ನಿಂತಿದ್ದೆ. ಊಟಕ್ಕೆ ಕೂರದೆ ಅಂಗಡಿಗೆ ಓಡಿ ಬಂದೆ.

ಈಗ ಬೀದಿಯಲ್ಲಿ ಯಾವ ಕಾರು ನಿಂತರೂ ಬೆಚ್ಚಿಬೀಳುತ್ತಿದ್ದೇನೆ. ಅಳತೆ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿದ್ದೇನೆ. ಹೊರಗೆ 'ಹೆಂಗಸರಿಗೆ ಮಾತ್ರ ಪ್ರವೇಶ' ಎಂದು ಬೋರ್ಡು ಬರೆದು ತಗುಲಿಹಾಕಿದ್ದೇನೆ. ನಾಳೆ ಅವಳನ್ನು ಒಳಗೆ ಕರೆದು, ಚಿಲಕ ಹಾಕಿ, ಆಮೇಲೆ ಬಾಯಿ ಬಿಡಬೇಕು. ಅವನು ಬಾಗಿಲಾಚೆಯೇ ನಿಂತಿರುತ್ತಾನೆ.

ಬೋರ್ಡಿನ ಅಕ್ಷರಗಳೆಲ್ಲ ಸೊಟ್ಟಗಾಗಿವೆ. ಆಗ ನಿನಗಾಗಿ ಬರೆಯದ ಈ ಬೋರ್ಡಿಗೆ ಐದು ನಿಮಿಷವೂ ಹಿಡಿಯಲಿಲ್ಲ, ಅಕ್ಕಾ.