ಹಲಗೆಯ ಮೇಲಿನ ಮುನ್ನೂರು ವರ್ಷ

ಅಡುಗೆಮನೆಯ ಮೇಜಿನಿಂದ,
ಗುರುವಾರ ಸಂಜೆ

ಪ್ರೀತಿಯ ನಿಮಗೆ,

ಸುರಂಗ ಕೊರೆಯುವ ಕೆಲಸದ ಧೂಳಿಗೆ ಹತ್ತಿಕೊಂಡ ಕೆಮ್ಮು ಹೇಗಿದೆ? ನಾನು ಕಳಿಸಿದ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲಾ ಅದರಲ್ಲಿ ಬೂಟು ಒರೆಸುತ್ತಿದ್ದೀರೋ? ಇಲ್ಲಿ ಅತ್ತೆಯ ಮಂಡಿನೋವು ಹಾಗೇ ಇದೆ. ಮಾವ ಗಟ್ಟಿಮುಟ್ಟಾಗಿದ್ದಾರೆ, ಆದರೆ ಮೊನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬೆಳಿಗ್ಗೆ ನಾನು ಕೊಟ್ಟ ಕಾಫಿ ಕುಡಿದು, ಸಕ್ಕರೆ ಸರಿಯಾಗಿದೆ ಎಂದು ಅತ್ತೆಗೆ ಹೇಳಿದರು. ಮನೆಯಲ್ಲಿ ಮಾವ, ಶಾಲೆಯಲ್ಲಿ ಹೆಡ್‌ಮಾಸ್ಟರು. ಒಬ್ಬರ ಕೈಲೇ ಎರಡೆರಡು ಸಲ ಬೈಸಿಕೊಳ್ಳುವ ಭಾಗ್ಯ ನನ್ನದು. ಫೋನಿನಲ್ಲಿ ಹೇಳಿದರೆ ನೀವು ‘ಹೂಂ, ಹೂಂ’ ಎಂದು ಮುಗಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮೂರನೇ ಕ್ಲಾಸಿನಲ್ಲಿ ದರ್ಜಿಯ ಮಗಳೊಬ್ಬಳಿದ್ದಾಳೆ. ಅವಳ ದನಿ ತುಟಿ ದಾಟಿ ಹೊರಗೆ ಬರುವುದೇ ಇಲ್ಲವಾದ್ದರಿಂದ ಮಕ್ಕಳೆಲ್ಲ ಅವಳನ್ನು ‘ಪಿಸುಮಾತು’ ಎಂದೇ ಕರೆಯುತ್ತಾರೆ. ಅಕ್ಷರವೆಲ್ಲ ಗೊತ್ತು, ಕೂಡಿಸಿ ಓದು ಎಂದರೆ ಕಣ್ಣು ತುಂಬಿಕೊಳ್ಳುತ್ತದೆ. ಮುಂದಿನ ಶುಕ್ರವಾರ ಪೋಷಕರ ಸಭೆಯಲ್ಲಿ ಅವಳು ಓದದಿದ್ದರೆ ಇನ್ನೊಂದು ವರ್ಷ ಇದೇ ಕ್ಲಾಸಿನಲ್ಲಿ ಕೂರಬೇಕು, ಮಾವನ ತೀರ್ಮಾನ ಅದು. ಪುಸ್ತಕ ಕಂಡರೆ ಹೆದರುವ ಮಗುವಿಗೆ ಇನ್ನೆಷ್ಟು ಪುಸ್ತಕ ಹಿಡಿಸಲಿ? ಹಾಗಾಗಿ ಈ ಸಲ ಮಕ್ಕಳನ್ನು ಲೈಬ್ರರಿ ಕೋಣೆಯ ಕಂಪ್ಯೂಟರುಗಳ ಮುಂದೆ ಕೂರಿಸಿದೆ. ಪ್ರಶ್ನೆ ಅವರದೇ. ತಾವೇ ಇಂಟರ್ನೆಟ್ಟಿನಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಓದಬೇಕು, ತಮ್ಮ ಮಾತಿನಲ್ಲಿ ಬರೆಯಬೇಕು. ಮಕ್ಕಳು ಮೊದಲು ಕಣ್ಣಿಗೆ ಬಿದ್ದದ್ದನ್ನೇ ನಂಬಿಬಿಡುತ್ತವೆ ಎಂದು ನಾನೊಂದು ನಿಯಮ ಇಟ್ಟೆ: ಎರಡು ಕಡೆ ಸಿಗದೆ ಬರೆಯುವಂತಿಲ್ಲ.

ಒಬ್ಬನಿಗೆ ಬೆಕ್ಕಿನ ಮೀಸೆ ಯಾಕೆ ಬೇಕು ಎಂಬ ಚಿಂತೆ, ಇನ್ನೊಬ್ಬನಿಗೆ ತಿಮಿಂಗಿಲ ಹೇಗೆ ಮಲಗುತ್ತದೆ ಎಂಬುದು. ಪಿಸುಮಾತಿಗೆ ಮಾತ್ರ ಶಾಲೆಯಂಗಳದ ಮರ. ಅದರ ಹಿಂದಿನ ಗೋಡೆಯಲ್ಲಿ ‘ಈ ಮರಕ್ಕೆ ಮುನ್ನೂರು ವರ್ಷ’ ಎಂಬ ಹಲಗೆ ಇದೆಯಲ್ಲ, ಅದು ನಿಜವಾ ಎಂದು ಕೇಳಿದಳು. ನೋಡೋಣ, ಹುಡುಕು ಎಂದು ಹುರಿದುಂಬಿಸಿದವಳು ನಾನೇ. ಅಕ್ಷರ ಸೊಟ್ಟಸೊಟ್ಟಗಿರುವ ಆ ಹಲಗೆಯನ್ನು ಯಾವನೋ ಅವಸರದ ಪೇಂಟರು ಬರೆದಿರಬೇಕು ಎಂದುಕೊಂಡಿದ್ದೆ. ಒಂದು ದೀರ್ಘ ತಪ್ಪಿದರೆ ನನ್ನ ಬೋರ್ಡು ಒರೆಸಿ ಮತ್ತೆ ಬರೆಸುವ ಮಾವ ಅದನ್ನು ಹೇಗೆ ಸಹಿಸಿಕೊಂಡಿದ್ದಾರೋ ಎಂದು ನಗುತ್ತಲೂ ಇದ್ದೆ.

ಊರ ಲೈಬ್ರರಿಯವರು ಹಳೆಯ ಫೋಟೋಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಅದರಲ್ಲಿ ನಮ್ಮ ಶಾಲೆ ಶುರುವಾದ ದಿನದ ಫೋಟೋ ಸಿಕ್ಕಿತು. ಹೊಸ ಕಟ್ಟಡ, ಸಾಲಾಗಿ ನಿಂತ ಮಕ್ಕಳು, ಬೋಳು ಅಂಗಳ. ಮರವೇ ಇಲ್ಲ! ನಾನು ಕುಣಿದಾಡಿಬಿಟ್ಟೆ. ಅವಳು ಮಾತ್ರ, “ಇದು ಒಂದೇ ಕಡೆ, ಟೀಚರ್” ಎಂದಳು. ಆಮೇಲೆ ಹಳೆಯ ಪತ್ರಿಕೆಗಳಲ್ಲಿ ಒಂದು ತುಂಡು ಸುದ್ದಿ ಸಿಕ್ಕಿತು. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಕೂತಳು. ಬೆಲ್ಲು ಹೊಡೆದರೂ ಏಳಲಿಲ್ಲ. ಶಾಲೆಯ ಅಂಗಳದಲ್ಲಿ ಸಸಿ ನೆಡಲಾಯಿತು ಎಂದಿತ್ತು, ಮೇಲೆ ತಾರೀಖು. ಲೆಕ್ಕ ಹಾಕಿದರೆ ಎಪ್ಪತ್ತು ವರ್ಷ. ಅವಳು ತಾನೇ ಬರೆದಳು, ತಾನೇ ಓದಿದಳು: “ಈ ಮರಕ್ಕೆ ಮುನ್ನೂರು ವರ್ಷ ಆಗಿಲ್ಲ. ಎಪ್ಪತ್ತು ಆಗಿದೆ.” ಹಿಂದಿನ ಬೆಂಚಿಗೂ ಕೇಳಿಸಿತು ಕಣ್ರೀ. ನನಗೆ ಅಳು ಬಂದುಬಿಟ್ಟಿತು.

ಆ ಚೀಟಿಯನ್ನು ಸೀದಾ ಹಲಗೆಯ ಕೆಳಗೆ ಅಂಟಿಸಿದೆ. ಮಾವ ಕಿತ್ತು, ಮಡಚಿ ಜೇಬಿಗೆ ಹಾಕಿಕೊಂಡು ನನ್ನನ್ನು ಕೋಣೆಗೆ ಕರೆದರು. “ಯಂತ್ರ ಹೇಳಿದ್ದೆಲ್ಲ ವೇದವಾಕ್ಯ ಅಲ್ಲಮ್ಮ. ಆ ಹಲಗೆ ತಂಟೆಗೆ ಮಾತ್ರ ಬರಬೇಡ” ಎಂದರು. ಸಭೆಯಲ್ಲಿ ಅವಳು ಪಠ್ಯಪುಸ್ತಕವನ್ನೇ ಓದಬೇಕಂತೆ, ಇಲ್ಲದಿದ್ದರೆ ಕಂಪ್ಯೂಟರುಗಳು ಉಗ್ರಾಣಕ್ಕೆ. ಫೋಟೋ ನೋಡಿ ಎಂದು ಗೋಗರೆದೆ, ಮುಖ ತಿರುಗಿಸಿದರು.

ಪುಸ್ತಕ ಕೊಟ್ಟರೆ ಆ ಮಗು ಎಲ್ಲರೆದುರು ತಡವರಿಸಿ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತದೆ. ಅವಳದೇ ಮಾತು ಓದಿಸಿದರೆ ಊರೆದುರು ಮಾವನ ಮಾನ ಹೋಗುತ್ತದೆ, ಆಮೇಲೆ ಅದೇ ಕೈಯಲ್ಲಿ ನಾನು ಅವರಿಗೆ ಬಡಿಸಬೇಕು. ಅತ್ತ ದರಿ, ಇತ್ತ ಪುಲಿ. ಇವತ್ತು ಅವಳು ನನ್ನ ಸೆರಗು ಹಿಡಿದು ಕೇಳಿದಳು: “ಟೀಚರ್, ನಂದು ತಪ್ಪಾ?” ಸಿಟ್ಟು ಬರುತ್ತಿದೆ, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗುತ್ತಿದೆ. ಏನು ಮಾಡಲಿ, ಹೇಳಿ.

ಹೊತ್ತು ಹೊತ್ತಿಗೆ ಊಟ ಮಾಡಿ. ಅತ್ತೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಮಾವನದನ್ನೂ ನೀವೇ ಸೇರಿಸಿಕೊಳ್ಳಿ, ಕೇಳಿ ಬರೆಯುವ ಸ್ಥಿತಿಯಲ್ಲಿ ನಾನಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮವಳು

ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಬಂದು ಕೂತರು, ಅದಕ್ಕೇ ಇದಿಷ್ಟು ಅವಸರದಲ್ಲಿ. “ಆ ಹಲಗೆ ಮಾತು ಯಾರದ್ದು ಗೊತ್ತೇನೇ? ನಿನ್ನ ಗಂಡಂದು” ಎಂದರು. ಈ ಮನೆಗೆ ಬಂದು ಇಷ್ಟು ವರ್ಷವಾಯಿತು, ಒಬ್ಬರಾದರೂ ಹೇಳಿದ್ದೀರಾ? ನೀವೂ ಓದಲು ಬಾರದೆ ಮೂರನೇ ಕ್ಲಾಸಿನಲ್ಲೇ ಎರಡು ವರ್ಷ ಕೂತಿದ್ದಿರಂತೆ, ಹೆಡ್‌ಮಾಸ್ಟರ ಮಗ ಹೆಡ್ಡ ಎಂದು ಊರೆಲ್ಲ ನಗುತ್ತಿತ್ತಂತೆ. ಒಂದು ದಿನ ಯಾರೂ ಹೇಳಿಕೊಡದೆ ಸೀಮೆಸುಣ್ಣದಲ್ಲಿ ಆ ಮಾತು ಬರೆದಿರಂತೆ. ಮಾವ ನಿಜವೋ ಸುಳ್ಳೋ ಕೇಳಲಿಲ್ಲವಂತೆ. ನಿಮ್ಮ ಅಕ್ಷರ ಹೇಗೆ ಸೊಟ್ಟಗಿತ್ತೋ ಹಾಗೇ ಹಲಗೆಗೆ ಇಳಿಸಿದರಂತೆ, ತಮ್ಮ ಕೈಯಾರೆ. ರೀ, ಕಾಗದ ಸಿಕ್ಕಿದ ಕೂಡಲೇ ಅವರಿಗೆ ಫೋನ್ ಮಾಡಿ. ‘ಹೂಂ’ ಅಂದರೆ ಸಾಲದು. ಮರದ ವಯಸ್ಸಿನ ಮಾತೇ ಎತ್ತಬೇಡಿ. ನೀವು ಕೂತಿದ್ದ ಕ್ಲಾಸಿನಲ್ಲಿ ಈಗ ಒಬ್ಬಳು ಕೂತಿದ್ದಾಳೆ ಎನ್ನಿ. ನಿಮ್ಮ ಹಲಗೆ ಅಲ್ಲೇ ಇರಲಿ, ಅದರ ಕೆಳಗೆ ಅವಳದೂ ಒಂದು ಇರಲಿ, ಅವಳದೇ ಸೊಟ್ಟ ಅಕ್ಷರದಲ್ಲಿ, ಅವರದೇ ಕೈಯಿಂದ. ಅವತ್ತಿನ ಕುಂಚವನ್ನು ಅತ್ತೆ ಅಟ್ಟದಿಂದ ಇಳಿಸಿಕೊಟ್ಟರು. ಕಲ್ಲಾಗಿದೆ. ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದೇನೆ.